ಚಾಮರಾಜಪೇಟೆಯ ಕೆಂಪು ನೆಲ, ಮೂರು ಸೆಂಟರ್ ಸ್ಪೀಕರ್

ಟಿವಿಯಲ್ಲಿ ಕಾರು ಡಿಕ್ಕಿ ಹೊಡೆದರೆ ಕಿಟಕಿ ಗಾಜು ಗಡಗಡ ಅಲುಗುತ್ತದೆ. ಆದರೆ ಆ ಕಾರಿನಿಂದ ಇಳಿದವಳು ಏನಂದಳು ಎಂದು ಯಾರಿಗೂ ಕೇಳಿಸುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೇನಾ? ವಾಲ್ಯೂಮ್ ಏರಿಸಿದರೆ ಪಕ್ಕದ ಮನೆಯವರು ಗೇಟು ಬಡಿಯುತ್ತಾರೆ, ಇಳಿಸಿದರೆ ತುಟಿ ಅಲುಗುವುದಷ್ಟೇ ಕಾಣುತ್ತದೆ, ಸಿನಿಮಾ ಮುಗಿಯುವಷ್ಟರಲ್ಲಿ ರಿಮೋಟ್ ಹಿಡಿದವರ ಹೆಬ್ಬೆರಳು ನೋಯುತ್ತಿರುತ್ತದೆ. ಹೌದು ಅಂತಾದರೆ ಇದನ್ನು ಓದಿ. ಸ್ವಲ್ಪ ಉದ್ದವಿದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಉದ್ದವಾಗಿದೆ.

ನನ್ನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಕಡಿಮೆ ದುಡ್ಡಿನಲ್ಲಿ ಮನೆಗೆ ಹೋಮ್ ಥಿಯೇಟರ್ ಬೇಕು ಅನ್ನುವವರಿಗೆ ಯಾವ ಸ್ಪೀಕರ್, ಅವುಗಳಿಗೆ ದನಿ ಹಂಚುವ ರಿಸೀವರ್ ಯಾವುದು ಎಂದು ಆರಿಸಿ, ತಂದು, ಕೂರಿಸಿ, ಹೊಂದಿಸಿ ಕೊಡುತ್ತೇನೆ. ಫೋನಿನಲ್ಲಿ ಮಾತಾಡುವವರು ಹೆಂಗಸಿನ ದನಿ ಕೇಳಿದ ಕೂಡಲೇ "ಯಜಮಾನ್ರಿಗೆ ಕೊಡಿ ಮೇಡಂ" ಅನ್ನುತ್ತಾರೆ. ಕೊಡಲು ನನ್ನ ಯಜಮಾನರಿಗೆ ಪ್ಲಸ್ ಯಾವುದು ಮೈನಸ್ ಯಾವುದು ಗೊತ್ತಿಲ್ಲ. ಅದು ಬಿಡಿ.

ಈ ಸಲ ಫೋನ್ ಮಾಡಿದ್ದು ಚಾಮರಾಜಪೇಟೆಯ ಒಬ್ಬ ಹೈಸ್ಕೂಲ್ ಟೀಚರ್. ಯಜಮಾನರನ್ನು ಕೇಳಲಿಲ್ಲ. ನೇರವಾಗಿ ವಿಷಯಕ್ಕೆ ಬಂದರು.

"ಮೇಡಂ, ನಮ್ಮಮ್ಮಂಗೆ ಟಿವಿಲಿ ಮಾತು ಅರ್ಥ ಆಗ್ಬೇಕು. ಅಷ್ಟೇ. ಮಿಕ್ಕಿದ್ದೆಲ್ಲ ನಿಮಗೆ ಬಿಟ್ಟಿದ್ದು."

ತಾಯಿ ದಾವಣಗೆರೆಯವರು. ಎರಡೂ ಕಿವಿಗೆ ಹಿಯರಿಂಗ್ ಏಡ್. ಮಗಳ ಮನೆಗೆ ಬಂದು ಇರಲು ಶುರುಮಾಡಿ ಸ್ವಲ್ಪ ಕಾಲವಾಗಿತ್ತು. ಸಂಜೆ ಎಲ್ಲರೂ ಹಾಲ್‌ನಲ್ಲಿ ಕೂತು ಟಿವಿ ನೋಡುವಾಗ ಮೊದಮೊದಲು "ಏನಂದ? ಏನಂತೆ?" ಎಂದು ಕೇಳುತ್ತಿದ್ದರಂತೆ. ಅಳಿಯ ಒಂದೆರಡು ಸಲ "ಸುಮ್ನೆ ನೋಡಿ ಅತ್ತೆ, ಆಮೇಲೆ ಹೇಳ್ತೀನಿ" ಅಂದಿದ್ದಾರೆ. ಆಮೇಲೆ ಹೇಳಿಲ್ಲ. ಅಂದಿನಿಂದ ಅಮ್ಮ ಕೇಳುವುದನ್ನು ಬಿಟ್ಟರು. ಈಗ ಊರಿಗೆ, ತಮ್ಮನ ಮನೆಗೆ, ವಾಪಸ್ ಹೋಗುತ್ತೇನೆ ಅನ್ನುತ್ತಿದ್ದಾರೆ. "ಇಲ್ಲಿ ಸುಮ್ನೆ ಕೂತಿರೋದಕ್ಕೆ ಅಲ್ಲೇ ಕೂತಿರ್ತೀನಿ ಬಿಡು" ಎಂದರಂತೆ.  ದೀಪಾವಳಿ ಮುಗಿಸಿಕೊಂಡು ಹೊರಡುವುದೆಂದು ಅಮ್ಮ ತೀರ್ಮಾನಿಸಿ ಆಗಿತ್ತು.

ನಾನು ಕೇಳಿದ ಮೊದಲ ಪ್ರಶ್ನೆ, ನೀವೂ ಕೇಳುತ್ತಿದ್ದಿರಿ: ಹೆಡ್‌ಫೋನ್ ಕೊಡಬಾರದೇ? ಕೊಟ್ಟಿದ್ದರು. ಅಮ್ಮ ಒಂದು ಸಂಜೆ ಹಾಕಿಕೊಂಡು ತೆಗೆದಿಟ್ಟರು. "ಕಿವಿಗೆ ಅದನ್ನ ಸಿಗಿಸ್ಕೊಂಡು ಒಬ್ಳೇ ಕೇಳಂಗಿದ್ರೆ ರೂಮ್ನಾಗೆ ಮೊಬೈಲ್ ನೋಡ್ಕಂತೀನಲ್ಲವ್ವ. ಎಲ್ಲಾರ ಜೊತೆ ಯಾಕ್ ಕೂರ್ಬೇಕು?" 

ಮನೆ ನೋಡಲು ಹೋದೆ. ಹಳೆಯ ಮನೆ, ಎತ್ತರದ ಚಾವಣಿ, ಮರದ ತೊಲೆಗಳು. ಹಾಲ್ ತುಂಬ ಕೆಂಪು ನೆಲ. ಕನ್ನಡಿ ಹಾಗೆ ಹೊಳೆಯುತ್ತಿತ್ತು, ಮೇಲಿನ ಫ್ಯಾನು ಕೆಳಗೂ ತಿರುಗುವಂತೆ ಕಾಣುತ್ತಿತ್ತು. ಗೋಡೆಗೆ ಎಣ್ಣೆ ಬಣ್ಣ, ಅದೂ ಹೊಳಪು. ಒಂದು ಕಡೆ ಗಾಜಿನ ಬಾಗಿಲಿನ ಶೋಕೇಸ್. ನಾನು ಬಾಗಿಲಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದೆ. ಝಣ್ ಎಂದು ದನಿ ಸುತ್ತಾಡಿ, ಮೂಲೆಗೆ ಹೋಗಿ, ವಾಪಸ್ ಬಂತು.

ಇಂಥ ಕೋಣೆಯಲ್ಲಿ ಏನಾಗುತ್ತದೆ ಎಂದರೆ, ಒಂದು ಮಾತು ನೆಲಕ್ಕೆ, ಗೋಡೆಗೆ, ಗಾಜಿಗೆ ಬಡಿದು ಬರುವಷ್ಟರಲ್ಲಿ ಮುಂದಿನ ಮಾತು ಹೊರಟಿರುತ್ತದೆ. ಎರಡೂ ಕಲೆಸಿಹೋಗುತ್ತವೆ. ಒಳ್ಳೆಯ ಕಿವಿ ಇರುವವರು ಹೇಗೋ ಬಿಡಿಸಿಕೊಳ್ಳುತ್ತಾರೆ. ಹಿಯರಿಂಗ್ ಏಡ್ ಮಾತನ್ನೂ ದೊಡ್ಡದು ಮಾಡುತ್ತದೆ, ಬಡಿದು ಬಂದ ಗದ್ದಲವನ್ನೂ ದೊಡ್ಡದು ಮಾಡುತ್ತದೆ.

ಆವತ್ತೇ ಆ ಅಳಿಯನಿಗೆ ಹೇಳಿದೆ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ, ಯಾಕೆಂದರೆ ಮುಂದೆ ಎಲ್ಲರೂ ಮರೆತರು. "ಸಾರ್, ಮಧ್ಯೆ ಒಂದು ದಪ್ಪ ಜಮಖಾನ, ಈ ಉದ್ದ ಗೋಡೆಗೆ ಪರದೆ, ಇಷ್ಟು ಮೊದಲು ಆಗ್ಬೇಕು. ಆಮೇಲೆ ಸ್ಪೀಕರ್."

ಟೀಚರ್ ಅವರ ಯಜಮಾನರಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೇಡಂ, ಈ ನೆಲ ನಮ್ಮಜ್ಜಿ ಕಾಲದ್ದು. ಕೊಬ್ರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ಈ ಹೊಳಪು ಬಂದಿರೋದು. ಬಂದೋರೆಲ್ಲ ಮೊದಲು ನೆಲ ನೋಡ್ತಾರೆ, ಆಮೇಲೆ ನಮ್ಮನ್ನ. ಇದರ ಮೇಲೆ ಜಮಖಾನ ಹಾಸೋದಾ?"

"ಪರದೆನಾದ್ರೂ..."

"ದಿನಾ ಬೆಳಗಿಂದ ಸಂಜೆವರೆಗೆ ಬಟ್ಟೆ ಮಧ್ಯೆನೇ ಇರ್ತೀನಿ. ಮನೆಗ್ ಬಂದ್ರೂ ಬಟ್ಟೆನಾ? ಹೋಮ್ ಥಿಯೇಟರ್ ಹಾಕಿ ಅಂದ್ರೆ ಟೈಲರ್ ಥರ ಅಳತೆ ತಗೋತಿದೀರಲ್ರೀ!"

ತಾವೇ ನಕ್ಕರು. ನಾನು ನಗಲಿಲ್ಲ.

ಬಜೆಟ್ ಒಂದು ಲಕ್ಷದೊಳಗೆ. ಅಮ್ಮನಿಗೆ ಮಾತು ಕೇಳಿಸಬೇಕು ಎನ್ನುವುದಾದರೆ ಇಷ್ಟರಲ್ಲಿ ಧಾರಾಳವಾಗಿ ಮಾಡಬಹುದು. ಮುಂದೆ ಮೂರೇ ಸ್ಪೀಕರ್: ಎಡಕ್ಕೊಂದು, ಬಲಕ್ಕೊಂದು, ಟಿವಿ ಕೆಳಗೆ ಸೆಂಟರ್. ಸಿನಿಮಾದ ಮಾತು ಹೆಚ್ಚುಕಮ್ಮಿ ಪೂರ್ತಿ ಬರುವುದು ಆ ಸೆಂಟರ್‌ನಿಂದ. ಹಾಗಾಗಿ ಅದಕ್ಕೆ ಸ್ವಲ್ಪ ಜಾಸ್ತಿ ಖರ್ಚು ಮಾಡಿ, ಮಿಕ್ಕಿದ್ದನ್ನು ಹದವಾಗಿ ಹಂಚಬೇಕು. ಯಜಮಾನರಿಗೆ ಇದು ರುಚಿಸಲಿಲ್ಲ.

"ಮೂರೇನಾ? ನಮ್ಮ ಅಂಗಡಿ ಎದುರಿನವನ ಮನೇಲಿ ಹಿಂದೆ ಎರಡಿದೆ, ಕೆಳಗಡೆ ಡಬ್ಬ ಬೇರೆ ಇದೆ. ಹೆಲಿಕಾಪ್ಟರ್ ತಲೆ ಮೇಲೇ ಹೋಗುತ್ತೆ."

"ಅತ್ತೆಯವ್ರಿಗೆ ಹೆಲಿಕಾಪ್ಟರ್ ಬೇಡ ಸಾರ್."

"ನಂಗೆ ಬೇಕಲ್ಲ!"

ಆಯಿತು. ಹಿಂದೆ ಎರಡು, ಕೆಳಗೆ ಗುಡುಗು ಸದ್ದಿನ ಸಬ್‌ವೂಫರ್ ಎಂಬ ಡಬ್ಬ, ಎಲ್ಲ ಸೇರಿತು. ಸೇರಿದ್ದಕ್ಕೆ ಸರಿಯಾಗಿ ಸೆಂಟರ್‌ಗೆ ಇಟ್ಟಿದ್ದ ದುಡ್ಡು ಇಳಿಯಿತು. ಎಸ್.ಪಿ. ರೋಡಿನ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿಸಿದೆ. ಅಂಗಡಿಯ ಡೆಮೊ ರೂಮಿನ ಕಥೆ ನಿಮಗೂ ಗೊತ್ತಿರಲಿ: ನೆಲಕ್ಕೆ ಕಾರ್ಪೆಟ್, ಗೋಡೆಗೆ ಮೆತ್ತೆ, ಮೆತ್ತನೆ ಸೋಫಾ. ಅಲ್ಲಿ ಹಳೇ ರೇಡಿಯೋ ಇಟ್ಟರೂ ಚೆನ್ನಾಗಿ ಕೇಳಿಸುತ್ತದೆ. ಯಜಮಾನರು ಕಣ್ಣುಮುಚ್ಚಿ ತಲೆದೂಗಿ, "ಇದೇ ಫೈನಲ್" ಎಂದರು.

ಕೂರಿಸುವ ದಿನ. ಮೊದಲ ತಕರಾರು ಜಾಗದ್ದು. ನಾನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಲೆಕ್ಕದ ಪ್ರಕಾರ ಸೋಫಾದ ಬೆನ್ನು ದೇವರ ಮನೆಯ ಬಾಗಿಲಿಗೆ ಬರುತ್ತಿತ್ತು. ಅಮ್ಮ ಅಲ್ಲಿಯವರೆಗೆ ತುಟಿ ಬಿಚ್ಚದವರು, ಮೆಲ್ಲಗೆ ಹೇಳಿದರು: "ದೇವ್ರಿಗೆ ಬೆನ್ನು ಮಾಡಿ ಸಿನ್ಮಾ ನೋಡಾದು ಬ್ಯಾಡವ್ವ." ಸರಿ, ಇಡೀ ಹಾಲನ್ನು ತಿರುಗಿಸಿದೆವು. ಈಗ ಟಿವಿ ಎದುರಿಗೆ ಬಂದದ್ದು ಆ ಉದ್ದದ ಬೋಳು ಗೋಡೆ. ಅಮ್ಮನ ಬೆತ್ತದ ಕುರ್ಚಿ ಪಕ್ಕಕ್ಕೆ, ಅಡುಗೆಮನೆ ಬಾಗಿಲ ಹತ್ತಿರ. ಅದನ್ನು ನಡುವಿಗೆ ಎಳೆದರೆ ಅವರು ಕೂರುವುದಿಲ್ಲ. "ಎಲ್ಲಾರಿಗೂ ಅಡ್ಡ ಆಗ್ತತೆ" ಅನ್ನುತ್ತಾರೆ.

ಎರಡನೆಯದು ಗೋಡೆ. ನನ್ನ ಜೊತೆ ವೈರಿಂಗ್‌ಗೆ ಬರುವವನು ಓಕಳಿಪುರಂನವನು, ನನ್ನದೇ ವಯಸ್ಸು, ಬಾಯಿ ಮಾತ್ರ ನನಗಿಂತ ಜೋರು. ಹಿಂದಿನ ಸ್ಪೀಕರ್ ತೂಗುಹಾಕಲು ಡ್ರಿಲ್ ಇಟ್ಟ. ಹಳೆಯ ಗಾರೆ ಗೋಡೆ, ಪುಡಿ ಪುಡಿಯಾಗಿ ಸುರಿಯಿತು. ಪ್ಲಗ್ ಹೊಡೆದರೆ ಬೆರಳಲ್ಲಿ ಕಿತ್ತುಬರುತ್ತಿತ್ತು.

"ಮೇಡಂ, ಇದು ಗೋಡೆ ಅಲ್ಲ, ರವೆ ಉಂಡೆ. ಇನ್ನೊಂದು ತೂತು ಹೊಡೆದ್ರೆ ಆ ಕಡೆ ಮನೆಯೋರು ಕಾಫಿ ಕೊಡ್ತಾರೆ."

ಕೊನೆಗೆ ಸ್ಟ್ಯಾಂಡ್ ತರಿಸಿ ನೆಲದ ಮೇಲೆ ನಿಲ್ಲಿಸಿದೆವು.

ಮೂರನೆಯದು ಮೈಕ್. ರಿಸೀವರ್ ಜೊತೆ ಒಂದು ಪುಟ್ಟ ಮೈಕ್ ಬರುತ್ತದೆ. ಕೂರುವ ಜಾಗದಲ್ಲಿ ಅದನ್ನಿಟ್ಟರೆ ರಿಸೀವರ್ ಒಂದೊಂದೇ ಸ್ಪೀಕರ್‌ನಿಂದ ಸದ್ದು ಮಾಡಿಸಿ, ಕೇಳಿಸಿಕೊಂಡು, ಯಾವುದು ಎಷ್ಟು ದೂರ, ಎಷ್ಟು ಜೋರು ಎಂದು ಹೊಂದಿಸಿಕೊಳ್ಳುತ್ತದೆ. ಆ ಹೊತ್ತು ಯಾರೂ ಉಸಿರೆತ್ತಬಾರದು. ಮೈಕ್ ಇಟ್ಟೆ. ಕುಕ್ಕರ್ ಕೂಗಿತು. ಮತ್ತೆ ಇಟ್ಟೆ. ಬೀದಿಯಲ್ಲಿ ಹಳೇ ಪೇಪರ್ ಕೊಳ್ಳುವವನ ಗಾಡಿ, ರೆಕಾರ್ಡ್ ಮಾಡಿಟ್ಟ ದನಿಯಲ್ಲಿ ಕಬ್ಬಿಣ, ಬ್ಯಾಟರಿ ಎಂದೆಲ್ಲ ಕೂಗುತ್ತ, ಸರಿಯಾಗಿ ನಮ್ಮ ಗೇಟಿನ ಮುಂದೆ ನಿಂತ. ರಿಸೀವರ್ ತಪ್ಪು ತಪ್ಪು ಎಂದು ತೋರಿಸಿ ನಿಲ್ಲಿಸಿತು. ನನ್ನ ಜೊತೆಗಾರ, "ಕೊಟ್ಬಿಡಿ ಮೇಡಂ ಅವನಿಗೇ, ಒಳ್ಳೆ ರೇಟ್ ಬರುತ್ತೆ" ಎಂದ. ಆ ಹೊತ್ತಿಗೆ ಕೊಡುವ ಮನಸ್ಸೂ ಬಂದಿತ್ತು.

ಅಂತೂ ಮುಗಿಸಿ ಸೀರಿಯಲ್ ಹಾಕಿದೆವು. ಅಮ್ಮ ಕುರ್ಚಿಯಲ್ಲಿ ಕೂತರು.

"ಹೇಗಿದೆಯಮ್ಮ?"

"ಚೆನ್ನಾಗೈತೆ ಬಿಡವ್ವ."

ನನಗೆ ಸಂತೋಷವಾಯಿತು. ಆದರೂ ಸುಮ್ಮನಿರಲಾರದೆ ಕೇಳಿದೆ: "ಈಗ ಆ ಹುಡುಗಿ ಏನಂದ್ಲು?"

ಅಮ್ಮ ಸ್ವಲ್ಪ ಯೋಚಿಸಿ, "ಅದೇ... ಮದುವಿ ವಿಷಯ" ಎಂದರು.

ಸೀರಿಯಲ್‌ನಲ್ಲಿ ಯಾವಾಗಲೂ ಮದುವೆ ವಿಷಯವೇ ಇರುತ್ತದೆ, ನೂರಕ್ಕೆ ತೊಂಬತ್ತು ಸಲ ಈ ಉತ್ತರ ಸರಿ. ಆ ಸಲ ಆ ಹುಡುಗಿ ಹೇಳಿದ್ದು ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆ ಎಂದು.

ನನಗೆ ಅಲ್ಲಿ ಅರ್ಥವಾದದ್ದು, ಇನ್ನು ಮುಂದೆ ಅಮ್ಮನ "ಚೆನ್ನಾಗೈತೆ"ಯನ್ನು ನಂಬಬಾರದು. ಅವರು ಯಾರಿಗೂ ತೊಂದರೆ ಕೊಡಬಾರದು ಎಂದು ಹಾಗೆ ಹೇಳುತ್ತಾರೆ. ಅಳಿಯನ ಮನೆ, ಅಳಿಯನ ದುಡ್ಡು. ಚೆನ್ನಾಗಿಲ್ಲ ಎಂದು ಹೇಗೆ ಹೇಳುತ್ತಾರೆ?

ಮೊದಲ ಸೆಂಟರ್ ಅಡ್ಡ ಮಲಗಿಸುವ ಬಗೆಯದು, ದನಿ ಹೊರಡುವ ಬಟ್ಟಲು ನಡುವೆ ಚಿಕ್ಕದು, ಎರಡು ಪಕ್ಕ ದೊಡ್ಡದು. ಎದುರಿಗೆ ಕೂತರೆ ಚೆನ್ನ, ಪಕ್ಕಕ್ಕೆ ಹೋದರೆ ಮಾತು ಮಂಕಾಗುತ್ತದೆ. ಅಮ್ಮನ ಕುರ್ಚಿ ಪಕ್ಕಕ್ಕೇ ಇತ್ತಲ್ಲ. ಸೆಂಟರ್ ದನಿಯನ್ನು ಮಾತ್ರ ಏರಿಸಿದೆ, ಡಬ್ಬದ ಗುಡುಗನ್ನು ಇಳಿಸಿದೆ, ಸ್ಪೀಕರ್ ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ಅಮ್ಮನ ಕಡೆ ತಿರುಗಿಸಿದೆ. ಯಜಮಾನರು, "ಇದೇನ್ರೀ, ಸ್ಪೀಕರ್ ಓರೆ ಕಣ್ಣಲ್ಲಿ ನೋಡ್ತಿದೆ" ಎಂದರು. ಮಾತು ಮಾತ್ರ ತಿಳಿಯಾಗಲಿಲ್ಲ.

ಅಂಗಡಿಯವರನ್ನು ಗೋಗರೆದು ಬದಲಾಯಿಸಿದೆ. ಎರಡನೆಯದಾಗಿ ಎಡಬಲಕ್ಕಿದ್ದ ಥರದ್ದೇ ಒಂದನ್ನು ತಂದು ನೆಟ್ಟಗೆ ನಿಲ್ಲಿಸಿದೆ. ಪಕ್ಕದಿಂದ ಕೇಳಿದರೂ ಒಂದೇ ಸಮ. ನನಗಂತೂ ಚೆನ್ನಾಗಿ ಕೇಳಿಸಿತು. ಅಮ್ಮನನ್ನು ಕೇಳಿದೆ, "ಈಗ ಏನಂದ?" ಅಮ್ಮ ಮಗಳ ಮುಖ ನೋಡಿದರು, ಪರೀಕ್ಷೆಯಲ್ಲಿ ಉತ್ತರ ಹೊಳೆಯದ ಹುಡುಗಿಯ ಹಾಗೆ. ಟೀಚರ್ ಎದ್ದು ಅಡುಗೆಮನೆಗೆ ಹೋದರು.

ಮೂರನೆಯದು ಯಜಮಾನರೇ ಹುಡುಕಿದ್ದು. ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ಕೇಳಿ, "ಇದು ಡೈಲಾಗ್‌ಗೆ ಅಂತಾನೇ ಮಾಡಿರೋದು" ಎಂದು ಬಜೆಟ್ ಮೀರಿ ತಾವೇ ತಂದುಬಿಟ್ಟರು. ಚುರುಕಾದ ಸ್ಪೀಕರ್, ಒಪ್ಪುತ್ತೇನೆ. ಆ ಹಾಲ್‌ನಲ್ಲಿ ಅದರ 'ಸ'ಕಾರ 'ಚ'ಕಾರಗಳೆಲ್ಲ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಸಿಡಿದವು. ಅಮ್ಮ ಸ್ವಲ್ಪ ಹೊತ್ತು ತಡೆದುಕೊಂಡು, ಯಾರೂ ನೋಡದಾಗ ಒಂದು ಕಿವಿಯ ಮಷಿನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನಾನು ನೋಡಿದೆ.

ಆ ದಿನ ಗೇಟಿನ ಹೊರಗೆ ನಿಂತು ಜೊತೆಗಾರನಿಗೆ ಹೇಳಿದೆ, "ಇದು ನನ್ನಿಂದ ಆಗಲ್ಲ ಕಣೋ. ಸ್ಪೀಕರ್ ತಪ್ಪಿಲ್ಲ. ಆ ನೆಲ ಮುಚ್ಚಲ್ಲ ಅಂತಾರೆ, ಗೋಡೆ ಮುಚ್ಚಲ್ಲ ಅಂತಾರೆ."

"ಹಂಗಾದ್ರೆ ಬಿಟ್ಬಿಡಿ."

"ಬಿಟ್ರೆ ಆಯಮ್ಮ ದೀಪಾವಳಿ ಆದ್ಮೇಲೆ ಬಸ್ಸು ಹತ್ತುತ್ತೆ."

ಅವನು ಗಾಡಿ ಸ್ಟಾರ್ಟ್ ಮಾಡಿದ.

ಅಷ್ಟರಲ್ಲಿ ನವರಾತ್ರಿ ಬಂತು. ಟೀಚರ್ ಫೋನ್ ಮಾಡಿ, "ಗೊಂಬೆ ಕೂರಿಸಿದೀವಿ, ಅರಿಶಿನ ಕುಂಕುಮಕ್ಕೆ ಬನ್ನಿ ಮೇಡಂ" ಎಂದರು. ಹೋಗಲು ನನಗೆ ಮುಜುಗರ. ಕೆಲಸ ಕೆಡಿಸಿಟ್ಟ ಮನೆಗೆ ಹೋಗಿ ಬಾಗಿನ ತೆಗೆದುಕೊಳ್ಳುವುದು ಹೇಗೆ? ಆದರೆ ಕುಂಕುಮಕ್ಕೆ ಕರೆದರೆ ಬರುವುದಿಲ್ಲ ಎನ್ನಲೂ ಆಗುವುದಿಲ್ಲ.

ಹೋದೆ. ಹಾಲ್ ಗುರುತೇ ಸಿಗಲಿಲ್ಲ. ಉದ್ದದ ಬೋಳು ಗೋಡೆಗೆ ಆನಿಸಿ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಗೊಂಬೆ ಕೂರಿಸಿದ್ದರು. ಹಿಂದೆ ಗೋಡೆ ತುಂಬ ರೇಷ್ಮೆ ಸೀರೆಗಳು, ಅವುಗಳ ಹಿಂದೆ ಹಳೆಯ ಬೆಡ್‌ಶೀಟು. ಬಂದವರು ಕೂರಲೆಂದು ನೆಲದ ತುಂಬ ಜಮಖಾನ, ಅದರ ಮೇಲೆ ಇನ್ನೊಂದು ಜಮಖಾನ. ಗಾಜಿನ ಶೋಕೇಸ್ ಮುಚ್ಚಲು ಅಮ್ಮ ಊರಿಂದ ತಂದಿದ್ದ ದಪ್ಪ ಕೌದಿಯನ್ನು ಇಳಿಬಿಟ್ಟಿದ್ದರು. ನನ್ನ ಹಿಂದಿನ ಎರಡು ಸ್ಪೀಕರ್‌ಗಳನ್ನು ಕಿತ್ತು ಎಲ್ಲೋ ಇಟ್ಟಿದ್ದರು. ಸಬ್‌ವೂಫರ್? ಅದರ ಮೇಲೊಂದು ಜರಿ ಬಟ್ಟೆ ಹೊದಿಸಿ, ಶೆಟ್ಟರು ಶೆಟ್ಟಮ್ಮನ ಜೋಡಿ ಗೊಂಬೆ ಕೂರಿಸಿ, ಮುಂದೆ ಅಕ್ಕಿ, ಬೇಳೆ, ಬೆಲ್ಲದ ಅಂಗಡಿ ಇಟ್ಟುಬಿಟ್ಟಿದ್ದರು.

ನನ್ನ ರಕ್ತ ಕುದಿಯಿತು. ಬೈಯಲು ಬಾಯಿ ತೆರೆದಿದ್ದೆ. ಆಗ ಅಮ್ಮನ ದನಿ ಕೇಳಿಸಿತು.

ಪೂಜೆ ಮುಗಿದಿತ್ತು, ಟಿವಿಯಲ್ಲಿ ಸೀರಿಯಲ್ ಓಡುತ್ತಿತ್ತು. ಎದುರುಮನೆಯ ಹೆಂಗಸೊಬ್ಬರು ಕೋಸಂಬರಿ ತಿನ್ನುತ್ತ ಅಮ್ಮನ ಪಕ್ಕ ಕೂತಿದ್ದರು. ಅವರ ಗಮನ ಕೋಸಂಬರಿ ಮೇಲಿತ್ತು. "ಏನಂದ್ಲು ಅವ್ಳು?" ಎಂದು ಅಮ್ಮನನ್ನು ಕೇಳಿದರು.

"ತವರುಮನಿಗೆ ಹೋಗಲ್ಲಂತೆ. ಬೀಗ ಕೊಡಂಗಿಲ್ಲಂತೆ ಅತ್ತಿ ಕೈಗೆ," ಎಂದರು ಅಮ್ಮ, ಕಣ್ಣು ಟಿವಿಯಿಂದ ತೆಗೆಯದೆ.

ನಾನು ಟಿವಿ ನೋಡಿದೆ. ಸರಿಯಾಗಿತ್ತು. ಬೀಗದ ಮಾತು ಸಹ ಸರಿಯಾಗಿತ್ತು. ಓಡುತ್ತಿದ್ದದ್ದು ಅದೇ ಮೂರನೆಯ ಸೆಂಟರ್. ಸಾಸಿವೆ ಸಿಡಿಯುತ್ತಿರಲಿಲ್ಲ.

ತಲೆ ಕೆಟ್ಟವಳ ಹಾಗೆ ಹಾಲ್ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಪಟ್ ಎಂದು ಅಲ್ಲೇ ಸತ್ತಿತು. ಇನ್ನೊಂದು ತಟ್ಟಿದೆ. ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ಆರತಿ ಶುರುವಾಯಿತು ಎಂದುಕೊಂಡು ಹಾಡಲು ಶುರುಮಾಡಿದರು, ನಾಲ್ಕು ಜನ ದನಿಗೂಡಿಸಿದರು, ಟೀಚರ್ ಗಾಬರಿಯಿಂದ ಮತ್ತೊಂದು ಸಲ ಕರ್ಪೂರ ಹಚ್ಚಿಕೊಂಡು ಬಂದರು. ನಾನೂ ಆರತಿ ತೆಗೆದುಕೊಂಡೆ. ಏನು ಹೇಳಲಿ?

ಇಷ್ಟಾದ ಮೇಲೆ ಕೆಲಸ ಸಲೀಸಾಯಿತು ಎಂದು ನೀವು ಅಂದುಕೊಂಡರೆ, ನಿಮಗೆ ಚಾಮರಾಜಪೇಟೆಯ ಕೆಂಪು ನೆಲದ ಯಜಮಾನರು ಗೊತ್ತಿಲ್ಲ. ವಿಜಯದಶಮಿ ಕಳೆದು ಗೊಂಬೆ ಮಲಗಿಸಿದ ಮಾರನೆಯ ದಿನ ಜಮಖಾನ ಸುತ್ತಿ ಅಟ್ಟಕ್ಕೆ ಹಾಕಿಸಿದರು. ನೆಲ ಉಜ್ಜಿಸಿದರು. ನನಗೆ ಫೋನ್ ಬಂತು.

"ಮೇಡಂ, ಮತ್ತೆ ಅದೇ ಗೋಳು. ಹಬ್ಬದಲ್ಲಿ ಚೆನ್ನಾಗಿತ್ತು, ಈಗ ಏನೋ ಕೆಟ್ಟೋಗಿದೆ. ಇದಕ್ಕಿಂತ ದೊಡ್ಡ ಸೆಂಟರ್ ಒಂದು ನೋಡಿದೀನಿ. ಬಂದು ಹಾಕ್ಕೊಡಿ."

ಫೋನ್ ಇಟ್ಟೆ. ಹಾಕಿಕೊಡಬಹುದಿತ್ತು. ನನಗೆ ಬರುವುದು ಬರುತ್ತಿತ್ತು. ನಾಲ್ಕನೆಯದೂ ಆ ನೆಲಕ್ಕೆ ಬಡಿದು ಚೂರಾಗುತ್ತಿತ್ತು, ಅಮ್ಮ "ಚೆನ್ನಾಗೈತೆ ಬಿಡವ್ವ" ಎಂದು ಹೇಳಿ ದಾವಣಗೆರೆಗೆ ಹೋಗುತ್ತಿದ್ದರು. ಇನ್ನೊಂದು ಸ್ಪೀಕರ್ ನಾನು ಮಾರುವುದಿಲ್ಲ ಎಂದು ಆಗ ನಿರ್ಧರಿಸಿದೆ. ಮೆಡಿಕಲ್ ಶಾಪಿನಲ್ಲಿ ಒಂದು ಪೊಟ್ಟಣ ಹತ್ತಿ ಕೊಂಡೆ. ಮನೆಯಿಂದ ಚಳಿಗಾಲದಲ್ಲಿ ಹಾಕುವ ಮಂಕಿ ಕ್ಯಾಪ್ ತೆಗೆದುಕೊಂಡೆ. ಭಾನುವಾರ ಬೆಳಗ್ಗೆ ಹೋದೆ.

"ಸಾರ್, ಇದನ್ನ ಎರಡೂ ಕಿವಿಗೆ ಗಟ್ಟಿಯಾಗಿ ಇಟ್ಕೊಳ್ಳಿ. ಮೇಲೆ ಈ ಟೋಪಿ. ಅತ್ತೆಯವ್ರ ಕುರ್ಚಿಲಿ ಕೂತ್ಕೊಳ್ಳಿ."

"ಏನ್ ತಮಾಷೆ ಇದು?"

"ಹತ್ತು ನಿಮಿಷ. ಆಮೇಲೆ ಆ ದೊಡ್ಡ ಸೆಂಟರ್ ನೀವು ಹೇಳ್ದಂಗೆ ಹಾಕ್ಕೊಡ್ತೀನಿ."

ಟೀಚರ್, "ಕೂತ್ಕೊಳ್ರೀ" ಎಂದರು. ತರಗತಿಯಲ್ಲಿ ಹೇಳುವ ದನಿ. ಕೂತರು. ಬನಿಯನ್, ಪಂಚೆ, ಮೇಲೆ ಮಂಕಿ ಕ್ಯಾಪ್. ನಾನು ಹಿಂದಿನ ದಿನದ ಸೀರಿಯಲ್‌ನ ಒಂದು ತುಂಡು ಹಾಕಿದೆ. ಹತ್ತಿ ಕಿವಿ ಮುಚ್ಚಿದರೆ ಅಮ್ಮನ ಕಿವಿ ಆಗುವುದಿಲ್ಲ, ಅದು ನನಗೆ ಗೊತ್ತು. ಆದರೂ ಹತ್ತಿರದ ಅನುಭವ.

ಯಜಮಾನರು ಮುಂದಕ್ಕೆ ಬಾಗಿದರು. ಕತ್ತು ಓರೆ ಮಾಡಿದರು. "ಏನಂದ್ಲು?" ಎಂದರು.



"ಏನಂದ್ಲೇ ಅವ್ಳು?" ಈ ಸಲ ಹೆಂಡತಿಯನ್ನು.

ಟೀಚರ್ ಟಿವಿಯ ಕಡೆಯೇ ನೋಡುತ್ತ ಹೇಳಿದರು, "ಸುಮ್ನೆ ನೋಡಿ. ಆಮೇಲೆ ಹೇಳ್ತೀನಿ."

ಅದು ಹತ್ತಿ ದಾಟಿ ಕೇಳಿಸಿತು. ಅವರ ಮುಖ ಕೆಂಪಾಯಿತು. ಅಮ್ಮ, "ಅಯ್ಯೋ ಬಿಡೇ, ಅವ್ರಿಗ್ ಯಾಕಂತಿ" ಎಂದು ಮಗಳನ್ನೇ ಗದರಿದರು.

ನಾನು ಜೊತೆಗಾರನಿಗೆ ಸನ್ನೆ ಮಾಡಿದೆ. ಇಬ್ಬರೂ ಅಟ್ಟದಿಂದ ಜಮಖಾನ ಇಳಿಸಿ ಹಾಸಿದೆವು. ಶೋಕೇಸ್‌ಗೆ ಕೌದಿ ಹಾಕಿದೆವು. ಉದ್ದ ಗೋಡೆಯ ಮುಂದೆ ಬೆಡ್‌ಶೀಟ್ ಹಿಡಿದುಕೊಂಡು, ಆ ತುದಿಯಲ್ಲಿ ಅವನು ಈ ತುದಿಯಲ್ಲಿ ನಾನು, ಸ್ಟೂಲ್ ಹತ್ತಿ ನಿಂತೆವು. ಅದೇ ತುಂಡು ಮತ್ತೆ ಓಡಿತು, ಅದೇ ವಾಲ್ಯೂಮ್.

ಯಜಮಾನರು ಕೊನೆಯವರೆಗೂ ಒಂದು ಸಲವೂ "ಏನಂದ್ಲು?" ಎಂದು ಕೇಳಲಿಲ್ಲ. ಮುಗಿದ ಮೇಲೆ ಟೋಪಿ ತೆಗೆದು, ಹತ್ತಿ ಕಿತ್ತು, ಎದ್ದು ನೇರ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೆಡ್‌ಶೀಟಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು.

"ಇದು ತೀರಾ ತೆಳು. ಇದಕ್ಕೇ ಇಷ್ಟು ವ್ಯತ್ಯಾಸ ಆದ್ರೆ, ಒಳಗಡೆ ಅಸ್ತರ್ ಕೊಟ್ಟು ಹೊಲಿಸಿದ್ರೆ?"

"ಇನ್ನೂ ಚೆನ್ನಾಗಿ ಬರುತ್ತೆ ಸಾರ್. ನೆರಿಗೆ ಜಾಸ್ತಿ ಇದ್ದಷ್ಟೂ ಒಳ್ಳೇದು."

"ನೆರಿಗೆ ನಂಗೆ ಹೇಳ್ಕೊಡ್ಬೇಡಿ ಮೇಡಂ. ಗೋಡೆ ಅಗಲದ ಎರಡರಷ್ಟು ಬಟ್ಟೆ ಬೇಕಾಗುತ್ತೆ. ಕಾಟನ್ನೋ, ವೆಲ್ವೆಟ್ಟೋ?"

"ಭಾರ ಇರೋದು ಯಾವುದಾದ್ರೂ."

ಅಲ್ಲಿಂದ ಕೆಲಸ ನನ್ನ ಕೈಯಿಂದ ಜಾರಿತು. ಬಟ್ಟೆಯ ವಿಷಯ ಎಂದಾದ ಕೂಡಲೇ ಆ ಮನುಷ್ಯ ಬೇರೆಯೇ ಆದರು. ಅಂಗಡಿಯಿಂದ ಥಾನುಗಟ್ಟಲೆ ಬಟ್ಟೆ ಹೊತ್ತು ತಂದು, ಒಂದೊಂದನ್ನೂ ಹರವಿ, ಮುಷ್ಟಿಯಲ್ಲಿ ಹಿಂಡಿ, ಬಿಟ್ಟು ನೋಡಿದರು. ಗಾರೆ ಗೋಡೆ ಮೊಳೆ ಹಿಡಿಯದ ಕಾರಣ ಪರದೆಯ ಸರಳನ್ನು ಮೇಲಿನ ಮರದ ತೊಲೆಗೆ ಕೂರಿಸಿದೆವು. ಜಮಖಾನಕ್ಕೆ ಮಾತ್ರ ದೊಡ್ಡ ಚೌಕಾಸಿ. ಕೊನೆಗೆ ಟಿವಿಗೂ ಸೋಫಾಗೂ ನಡುವೆ ಮಾತ್ರ ಹಾಸುವುದು, ಸುತ್ತ ಕೆಂಪು ನೆಲ ಕಾಣಬೇಕು ಎಂದು ಒಪ್ಪಂದವಾಯಿತು. ಹಿಂದಿನ ಎರಡು ಸ್ಪೀಕರ್ ಅಂಗಡಿಗೆ ವಾಪಸ್. ಸಬ್‌ವೂಫರ್ ಉಳಿಯಿತು, ಹೆಲಿಕಾಪ್ಟರ್‌ನ ನೆನಪಿಗೆ ಎಂದು ಜೊತೆಗಾರ ಅಂದ. ದನಿ ಇಳಿಸಿ ಮೂಲೆಗೆ ತಳ್ಳಿದೆ. ಸೆಂಟರ್ ಎರಡನೆಯದನ್ನೇ ಮತ್ತೆ ತರಿಸಿದೆ, ಮೂರನೆಯದರಷ್ಟು ಚುರುಕು ಬೇಕಿರಲಿಲ್ಲ. ಅಂಗಡಿಯವರು ನನ್ನ ಮುಖ ನೋಡಿ, "ಇದನ್ನ ಬಾಡಿಗೆಗೆ ಕೊಡ್ತಿದೀವಿ ಅಂದ್ಕೊಂಡ್ರಾ ಮೇಡಂ?" ಎಂದರು. ಅಂದುಕೊಳ್ಳಲಿ.

ಕೊನೆಯ ಸಲ ಮೈಕ್ ಇಟ್ಟು ಅಳೆಯಲು ಹೋದದ್ದು ದೀಪಾವಳಿಗೆ ಸ್ವಲ್ಪ ಮುಂಚೆ, ಒಂದು ಸಂಜೆ. ಮೈಕನ್ನು ಅಮ್ಮನ ಕುರ್ಚಿಯಲ್ಲೇ, ಅವರ ಕಿವಿಯ ಎತ್ತರಕ್ಕೆ ಇಟ್ಟೆ. ಮುಗಿಸಿದೆ. ಅಮ್ಮ ಬಂದು ಕೂತರು. ಸೀರಿಯಲ್ ಶುರುವಾಯಿತು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ ಹೇಳಿದರು, "ಇಷ್ಟ್ ಕೆಟ್ಟದಾಗಿ ಮಾತಾಡ್ತಾರೇನವ್ವ ಇವ್ರು? ನಾನು ಏನೋ ಭಾಳ ಚಂದ ಮಾತಾಡ್ತಾರೆ ಅಂದ್ಕಂಡಿದ್ದೆ." ಅವರ ಬಾಯಲ್ಲಿ ನಾನು ಕೇಳಿದ ಮೊದಲ ದೂರು. ನನ್ನ ಬಿಲ್ಲಿನ ದುಡ್ಡಿಗಿಂತ ಅದು ಮೇಲು.

ನಾನು ವೈರು ಸುತ್ತುತ್ತಿದ್ದೆ. ಟಿವಿ ಹದವಾದ ದನಿಯಲ್ಲಿ ಓಡುತ್ತಿತ್ತು. ಯಜಮಾನರು ಅಂಗಡಿಯಿಂದ ಬಂದು, ಚಪ್ಪಲಿ ಬಿಟ್ಟು, ಅಮ್ಮನ ಕುರ್ಚಿಯ ಹಿಂದಿನಿಂದ ಹಾದು ಅಡುಗೆಮನೆ ಬಾಗಿಲಲ್ಲಿ ನಿಂತರು. ಹೆಂಡತಿಗೆ ಮಾತ್ರ ಕೇಳುವಂತೆ ದನಿ ತಗ್ಗಿಸಿ ಹೇಳಿದರು: "ಹಬ್ಬದ ರಷ್ ಇದೆ. ನಿಮ್ಮಮ್ಮಂಗೆ ದಾವಣಗೆರೆ ಟಿಕೆಟ್ ಬುಕ್ ಮಾಡ್ಲಾ, ಬೇಡ್ವಾ? ಕೇಳಿ ಹೇಳೇ. ನಾನ್ ಕೇಳಿದ್ರೆ ಹೋಗಿ ಅಂದಂಗಾಗುತ್ತೆ."

ಟೀಚರ್ ಏನೋ ಹೇಳಲು ಹೊರಟರು. ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ, ಹಿಂದೆ ತಿರುಗದೆ ಹೇಳಿದರು:

"ಬ್ಯಾಡ್ರಿ ಅಳಿಯಂದಿರೇ. ಟಿಕೀಟು ತೆಗಸ್‌ಬ್ಯಾಡ್ರಿ."

 ಯಜಮಾನರು ಹೆಂಡತಿಯನ್ನು ನೋಡಿದರು, ಹೆಂಡತಿ ನನ್ನನ್ನು ನೋಡಿದರು. ಅಷ್ಟು ಸಣ್ಣ ದನಿ, ಬೆನ್ನ ಹಿಂದೆ, ಟಿವಿ ಓಡುವಾಗ! ಆಮೇಲೆ ಯಜಮಾನರಿಗೆ ಇನ್ನೊಂದು ಹೊಳೆದಿರಬೇಕು. ಮೆಲ್ಲಗೆ ಹೆಂಡತಿಯ ಕಿವಿಗೆ ಬಾಗಿ, "ಇನ್ಮೇಲೆ ಈ ಮನೇಲಿ ಏನೂ ಮಾತಾಡೋಹಂಗಿಲ್ಲ" ಎಂದರು.

"ಅದೂ ಕೇಳಿಸ್ತು," ಎಂದರು ಅಮ್ಮ.

ನಾನು ಚೀಲ ಎತ್ತಿಕೊಂಡು ಹೊರಗೆ ಬಂದು ಗೇಟಿನ ಹತ್ತಿರ ನಿಂತು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಸಿಟ್ಟು ಯಾಕೆ ಇನ್ನೂ ಇಳಿದಿಲ್ಲ ಎಂದರೆ, ಈಗ ಆ ಮನೆಗೆ ಬಂದವರೆಲ್ಲ "ಎಂಥಾ ಸ್ಪೀಕರ್ ಸಾರ್!" ಅನ್ನುತ್ತಾರಂತೆ. ಅವರಲ್ಲಿ ಒಬ್ಬರು ನಿನ್ನೆ ನನಗೆ ಫೋನ್ ಮಾಡಿದ್ದರು. ಅದೇ ಸ್ಪೀಕರ್ ಬೇಕಂತೆ. ಹಾಲ್‌ಗೆ ಹೊಸ ಗ್ರಾನೈಟ್ ಹಾಕಿಸಿದ್ದಾರಂತೆ, ಮುಖ ನೋಡಿಕೊಳ್ಳಬಹುದಂತೆ. ಪರದೆ ಎಂದೆ. "ಯಜಮಾನ್ರಿಗೆ ಕೊಡಿ ಮೇಡಂ" ಎಂದರು.

ನೀವು ಹೇಳಿ. ನಿಮ್ಮ ಹಾಲ್‌ನಲ್ಲಿ "ಏನಂದ?" ಎಂದು ಕೇಳುವವರು ಯಾರು, ಕೇಳುವುದನ್ನು ಬಿಟ್ಟವರು ಯಾರು? ಅವರಿಗಾಗಿ ನೀವು ಏನೇನು ಕೊಂಡಿರಿ, ಏನು ವಾಪಸ್ ಕೊಟ್ಟಿರಿ, ಕೊನೆಗೆ ಯಾವುದು ಕೆಲಸ ಮಾಡಿತು? ಸ್ಪೀಕರಿನ ಹೆಸರು, ವ್ಯಾಟು ಬರೆಯಬೇಡಿ. ಮನೆಯಲ್ಲಿ ನಡೆದದ್ದನ್ನು ಬರೆಯಿರಿ. ಕೂತು ಒಂದೊಂದನ್ನೂ ಓದುತ್ತೇನೆ.